ಬರೀ ನೀರು

ತಂಗೆವ್ವನ ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನು ನೋಡದ ಹೆಂಗಸು ಸವದತ್ತಿಯ ಆ ಓಣಿಯಲ್ಲಿ ಒಬ್ಬಳೂ ಇರಲಿಲ್ಲ. ಎದೆಗೂಡಿನ ಕೆಳಗೆ ಶುರುವಾಗಿ, ಹೊಕ್ಕಳನ್ನು ಬಳಸಿಕೊಂಡು ಕೆಳಗಿಳಿದ ಆ ಗೆರೆಯನ್ನು ಆಕೆ ಸೆರಗು ಸರಿಸಿ ತೋರಿಸುತ್ತಿದ್ದುದು ಹೆಮ್ಮೆಯಿಂದಲ್ಲ, ಸಿಟ್ಟಿನಿಂದ.

"ನೋಡ್ರಿ ಇಲ್ಲಿ. ಬರೇ ನೀರಿಗೆ ಹಿಂಗ ಸೀಳ್ಯಾರ. ಮುಂಜಾನೆ ಒಳಗ ಒಯ್ದವ್ರು ಹೊತ್ತು ಮುಳುಗಿದ ಮ್ಯಾಲೆ ಹೊರಗ ತಂದಾರ. ಏನ ಸಿಕ್ತು ಅಂದ್ರ ನೀರು! ಬೇಕಾದ್ರ ನನ್ನ ಮಗನ್ನ ಕೇಳ್ರಿ. ಔಷಧದ ಅಂಗಡಿ ಇಟ್ಟಾನ, ಅವಗ ಗೊತ್ತಿಲ್ಲದ್ದು ಏನೈತಿ?"

ಮಗ ಸಿದ್ಧಾರೂಢನಿಗೆ ಎಲ್ಲವೂ ಗೊತ್ತಿತ್ತು. ಅವನ ಸಂಕಟವೇ ಅದು.

ಈ ಕಡೆ ಯಾರಿಗಾದರೂ ದೊಡ್ಡ ರೋಗ ಬಂದರೆ ರೋಗಿಯೊಬ್ಬರನ್ನು ಬಿಟ್ಟು ಊರಿಗೆಲ್ಲ ಗೊತ್ತಿರುತ್ತದೆ. ಮಾತಾಡಿಸಲು ಬಂದವರು ಹೊರಗೆ ಕಟ್ಟೆಯ ಮೇಲೆ ಕಣ್ಣೊರೆಸಿಕೊಂಡು, ಒಳಗೆ ಬಂದು ನಕ್ಕು, "ಆರಾಮ ಆಗ್ತೀರಿ ಬಿಡ್ರಿ" ಎಂದು ಬಾಳೆಹಣ್ಣು ಇಟ್ಟು ಹೋಗುತ್ತಾರೆ. ಇಷ್ಟೆಲ್ಲ ನಾಟಕವನ್ನು ಪ್ರೀತಿ ಎಂದು ಕರೆಯುವುದು ರೂಢಿ. ಸಿದ್ಧಾರೂಢ ಒಂದು ಹೆಜ್ಜೆ ಮುಂದೆ ಹೋಗಿ ಊರಿಗೂ ಹೇಳಲಿಲ್ಲ. ಯಾರಾದರೂ ಕಾಯಿಪಲ್ಲೆ ಸಂತೆಯಲ್ಲಿ ಬಾಯಿ ಜಾರಿದರೆ ಅವ್ವನ ಕಿವಿಗೆ ಬೀಳುತ್ತದೆ ಎಂಬ ಭಯ. ಸವದತ್ತಿಯಲ್ಲಿ ನಿಜ ಗೊತ್ತಿದ್ದದ್ದು ಅವನಿಗೆ ಮತ್ತು ಅವನ ಹೆಂಡತಿ ಮಧುಗೆ, ಇಬ್ಬರಿಗೇ.

ತಂಗೆವ್ವನ ಹೊಟ್ಟೆ ಮುಂದೆ ಬರತೊಡಗಿದ್ದು ಆಪರೇಷನ್ನಿಗೆ ಸುಮಾರು ಒಂದು ವರ್ಷ ಮೊದಲು. ಕೈಕಾಲು ಸಣ್ಣಗಾದವು, ಹೊಟ್ಟೆ ಮಾತ್ರ ಬೆಳೆಯಿತು. ಒಳಲಂಗದ ಲಾಡಿ ಸಾಲದಾಯಿತು. ಒಂದು ರೊಟ್ಟಿ ಮುರಿಯುವಷ್ಟರಲ್ಲಿ ಸಾಕು ಎನ್ನುತ್ತಿದ್ದಳು. ಹೊಕ್ಕಳು ಉಬ್ಬಿ ಹೊರಬಂದಾಗ ಓಣಿಯ ಹೆಂಗಸರು "ಈ ವಯಸ್ಸಿನ್ಯಾಗ ಇದೇನ ತಂಗಕ್ಕ?" ಎಂದು ಚೇಷ್ಟೆ ಮಾಡಿದರು, ಆಕೆಯೂ ನಕ್ಕಳು. ಸಿದ್ಧಾರೂಢ ಬಸ್‌ಸ್ಟ್ಯಾಂಡ್ ಹತ್ತಿರದ ತನ್ನ ಅಂಗಡಿಯಿಂದ ಗ್ಯಾಸಿನ ಗುಳಿಗೆ ತಂದುಕೊಟ್ಟ. ಮಳೆಗಾಲ ಕಳೆದು ಚಳಿ ಮುಗಿಯುವವರೆಗೂ ಕೊಟ್ಟ. ಗಿರಾಕಿ ಯಾರಾದರೂ ಅಷ್ಟು ದಿನ ಅದೇ ಗುಳಿಗೆ ಕೇಳಿದ್ದರೆ "ಮೊದಲ ಡಾಕ್ಟರಿಗೆ ತೋರಿಸ್ರಿ" ಎಂದು ಗದರುತ್ತಿದ್ದ ಮನುಷ್ಯನಿಗೆ ಸ್ವಂತ ತಾಯಿಯ ಹೊಟ್ಟೆ ಕಾಣಲಿಲ್ಲ.

ಕೊನೆಗೆ ಧಾರವಾಡದಲ್ಲಿ ತೋರಿಸಿದಾಗ ಅಲ್ಲಿಯ ಡಾಕ್ಟರು ನೀರಿರಬೇಕೆಂದು ಸೂಜಿ ಚುಚ್ಚಿದರು. ಏನೂ ಬರಲಿಲ್ಲ. ಇನ್ನೂ ದಪ್ಪ ಸೂಜಿ ಚುಚ್ಚಿದರೂ ಬರಲಿಲ್ಲ. ಸ್ಕ್ಯಾನ್ ನೋಡಿ ಅವರು ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದಕ್ಕೆ ಕಳಿಸಿದರು. ಅಲ್ಲಿಯ ಸರ್ಜನ್ ಡಾಕ್ಟರ್ ಪ್ರಣಿತಾ ಸಿದ್ಧಾರೂಢನನ್ನು ಕೂರಿಸಿಕೊಂಡು ನಿಧಾನವಾಗಿ ಹೇಳಿದರು.

"ಇದು ತುಂಬಾ ಅಪರೂಪದ ಕ್ಯಾನ್ಸರ್. ಅಪೆಂಡಿಕ್ಸ್‌ನಲ್ಲಿ ಸಣ್ಣ ಗೆಡ್ಡೆ ಆಗಿ ಒಡೆದಿದೆ. ಅದರಿಂದ ಬಂದಿರೋ ಅಂಟು ಹೊಟ್ಟೆ ತುಂಬಾ ಹರಡಿದೆ, ನೆನೆಸಿದ ಸಾಬೂದಾನಿ ಇರುತ್ತಲ್ಲ, ಹಾಗೆ. ಅದಕ್ಕೇ ಸೂಜಿಗೆ ಬರಲಿಲ್ಲ. ಅಂಟು ಕೂತಿರೋ ಕಡೆಯೆಲ್ಲ ಕೆರೆದು ತೆಗೀಬೇಕು, ಆಮೇಲೆ ಕಾಯಿಸಿದ ಕೀಮೋ ಔಷಧಿಯನ್ನ ಹೊಟ್ಟೆಯೊಳಗೇ ಹರಿಸಿ ತೊಳೀತೀವಿ. ದೊಡ್ಡ ಆಪರೇಷನ್. ಪೂರ್ತಿ ತೆಗೆಯೋಕಾದರೆ ಎಷ್ಟೋ ಜನ ವರ್ಷಗಟ್ಟಲೆ ಚೆನ್ನಾಗಿರ್ತಾರೆ. ಮತ್ತೆ ಬರಲೂಬಹುದು. ಅದಕ್ಕೆ ಆರಾರು ತಿಂಗಳಿಗೆ ಸ್ಕ್ಯಾನ್ ತಪ್ಪಿಸಬಾರದು. ನಿಮ್ಮ ತಾಯಿಗೆ ನೀವು ಹೇಳ್ತೀರಾ, ನಾನು ಹೇಳಲಾ?"

"ನಾನ ಹೇಳತೇನ್ರಿ," ಎಂದ ಸಿದ್ಧಾರೂಢ.

ಆದರೆ ಹೇಳಲು ಹೋದವನಿಗೆ ಅಪ್ಪ ನೆನಪಾದ. ದುಂಡಪ್ಪನಿಗೆ ಗಂಟಲಿನ ಕ್ಯಾನ್ಸರ್ ಆಗಿತ್ತು. ಹೆಸರು ಕೇಳಿದ ದಿನವೇ ಆತ ಗೋಡೆಯ ಕಡೆ ಮುಖ ಮಾಡಿ ಮಲಗಿದ, ಮತ್ತೆ ತಿರುಗಲಿಲ್ಲ. ಹೆಸರೇ ಅಪ್ಪನನ್ನು ಕೊಂದಿತು ಎಂದು ಸಿದ್ಧಾರೂಢ ನಂಬಿದ್ದ. ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಿದ್ದ ಅವ್ವ "ಏನಂದ್ಲೋ ಆ ಹುಡುಗಿ?" ಎಂದಾಗ ಅವನ ಬಾಯಿಂದ ಬಂದದ್ದು, "ಏನಿಲ್ಲ ಯವ್ವಾ, ಹೊಟ್ಟ್ಯಾಗ ಕೆಟ್ಟ ನೀರ ತುಂಬೈತಿ. ತಗದು, ಬಿಸಿನೀರಿಲೆ ತೊಳೀತಾರಂತ."

ಆಪರೇಷನ್ ಚೆನ್ನಾಗಿ ಆಯಿತು. ಪೂರ್ತಿ ತೆಗೆದಿದ್ದೇವೆ ಎಂದು ಡಾಕ್ಟರ್ ಪ್ರಣಿತಾ ಹೇಳಿದಾಗ ಸಿದ್ಧಾರೂಢ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತ. ವಾರ್ಡಿನ ನರ್ಸುಗಳು ಕನ್ನಡ ಬಾರದ ಕೇರಳದವರಾಗಿದ್ದರಿಂದ ಸುಳ್ಳಿಗೆ ಅಪಾಯ ಬರಲಿಲ್ಲ. ಊರಿಗೆ ಬಂದ ಮೇಲೆ ತಂಗೆವ್ವನಿಗೆ ಹಸಿವು ಮರಳಿತು, ರಟ್ಟೆ ತುಂಬಿಕೊಂಡವು. ಆರು ತಿಂಗಳಿಗೊಮ್ಮೆ "ನೀರ ತುಂಬೈತೇನ ನೋಡಸೂನು" ಎಂದು ಮಗ ಬೆಂಗಳೂರಿಗೆ ಕರೆದೊಯ್ಯುತ್ತಿದ್ದ. ಪ್ರತಿ ಸಲವೂ ಸ್ಕ್ಯಾನ್ ಸ್ವಚ್ಛ ಬಂತು. ಎಲ್ಲ ಸರಿಹೋಗಿತ್ತು. ಸರಿಹೋಗದೆ ಉಳಿದದ್ದು ತಂಗೆವ್ವನ ಸಿಟ್ಟು ಒಂದೇ. ಬರೀ ನೀರಿಗೆ ಇಷ್ಟುದ್ದ ಕೊಯ್ದರಲ್ಲ ಎಂದು ಆಕೆ ಡಾಕ್ಟರರ ಜಾತಿಯನ್ನೇ ಶಪಿಸುತ್ತಿದ್ದಳು. ಮಗ ತಲೆ ತಗ್ಗಿಸಿ ಊಟ ಮಾಡುತ್ತಿದ್ದ. ಬೈದರೆ ಬೈಯಲಿ, ಡಾಕ್ಟರಿಗೇನು ಕೇಳಿಸುತ್ತದೆಯೇ ಎಂದುಕೊಂಡಿದ್ದ.

ಕೇಳಿಸಿದ್ದು ಸಾವಂತ್ರೆವ್ವನಿಗೆ.

ಮನೋಳಿಯ ಸಾವಂತ್ರೆವ್ವ ಕೌದಿ ಹೊಲಿಯುವಾಕೆ. ಹಳೆಯ ಸೀರೆ, ಧೋತರಗಳನ್ನು ಒಂದರ ಮೇಲೊಂದು ಹಾಸಿ, ಸಾಲು ಹಿಡಿದು ಆಕೆ ಹೊಲಿದ ಕೌದಿ ಹೊದ್ದೇ ಸಿದ್ಧಾರೂಢ ಬೆಳೆದದ್ದು. ಆಕೆಯನ್ನು ಅವನು ಕರೆಯುವುದು ಚಿಗವ್ವ ಎಂದು. ವರ್ಷಕ್ಕೊಮ್ಮೆ ಆಕೆ ತಂಗೆವ್ವನ ಪಡಸಾಲೆಯಲ್ಲಿ ವಾರಗಟ್ಟಲೆ ಕೂತು ಹೊಲಿಯುತ್ತಿದ್ದಳು. ಮೊದಲು ಆಕೆಗೆ ಆ ಮನೆಯಲ್ಲಿ ಚಹಾದ ಕಪ್ಪು ಬೇರೆ ಇತ್ತು, ಹೊರಗೆ ಗೂಡಿನಲ್ಲಿ. ಅತ್ತೆ ತೀರಿಕೊಂಡ ಮೇಲೆ ತಂಗೆವ್ವ ಆ ಕಪ್ಪನ್ನು ತಾನೇ ತಿಪ್ಪೆಗೆ ಎಸೆದು, ತನ್ನ ಕಪ್ಪಿನಲ್ಲೇ ಚಹಾ ಕೊಟ್ಟಳು. ಅದರ ಬಗ್ಗೆ ಇಬ್ಬರೂ ಯಾವತ್ತೂ ಮಾತಾಡಲಿಲ್ಲ. ಅಂದಿನಿಂದ ತಂಗಕ್ಕ ಹೇಳಿದ ಮಾತೆಂದರೆ ಸಾವಂತ್ರೆವ್ವನಿಗೆ ಮುಗಿಯಿತು.

ಒಂದು ದಿನ ಸಾವಂತ್ರೆವ್ವನ ಮಗ ಕಾಂತೇಶ ಅಂಗಡಿಗೆ ಬಂದ. ಸ್ವಂತ ಟಾಟಾ ಏಸ್ ಇಟ್ಟುಕೊಂಡು ಬೆಳಗಾವಿ, ಬೈಲಹೊಂಗಲದಿಂದ ಅಂಗಡಿಗಳಿಗೆ ಔಷಧದ ಪಾರ್ಸೆಲ್ ತರುವವನು ಅವನು. ಪೆಟ್ಟಿಗೆ ಇಳಿಸಿ, "ಅಣ್ಣಾರ, ನೀರ ಇಳಿಯೂ ಗುಳಿಗಿ ಇದ್ರ ಕೊಡ್ರಿ," ಎಂದ.

"ಯಾರಿಗೋ?"

"ನಮ್ಮವ್ವಗ್ರಿ. ಹೊಟ್ಟಿ ಉಬ್ಬೈತಿ. ಬೆಳಗಾವ್ಯಾಗ ತೋರಿಸಿದ್ವಿ. ಆಪರೇಷನ್ ಮಾಡೂನು, ತಡಾ ಮಾಡಬ್ಯಾಡ್ರಿ ಅಂದ್ರು. ಅವ್ವ ಒಲ್ಲೆ ಅಂತಾಳ."

ಅವನು ಮೊಬೈಲಿನಲ್ಲಿ ಸ್ಕ್ಯಾನಿನ ವರದಿ ತೋರಿಸಿದ. ಅಂಡಾಶಯದ ಮೇಲೆ ಗೆಡ್ಡೆ, ಸುತ್ತ ನೀರು. ಅಪೆಂಡಿಕ್ಸಿನದಲ್ಲ, ಅವ್ವನಿಗಾದ ರೋಗವಲ್ಲ. ಆದರೆ ಇದೂ ಕಾಯುವ ರೋಗವಲ್ಲ ಎಂಬುದು ಸಿದ್ಧಾರೂಢನಿಗೆ ಒಂದೇ ನೋಟಕ್ಕೆ ತಿಳಿಯಿತು.

"ಒಲ್ಲೆ ಅಂದ್ರ? ಯಾಕ ಒಲ್ಲೆ ಅಂತಾಳ?"

ಕಾಂತೇಶ ನಕ್ಕ. "ನಿಮ್ಮವ್ವನ್ನ ಕೇಳ್ರಿ. 'ತಂಗಕ್ಕಗೂ ಹಿಂಗ ಅಂದ್ರು. ಕೊಯ್ದ ನೋಡಿದ್ರ ಬರೇ ನೀರು. ನನ್ನ ಹೊಟ್ಟಿನೂ ಹಂಗ ಸೀಳ್ತಾರ' ಅಂತ ಕುಂತಾಳ. ಅಣ್ಣಾರ, ಖರೇನ ಬರೇ ನೀರ ಇತ್ತೇನ್ರಿ?"

ಅಂಗಡಿಯ ಕಟ್ಟೆಯ ಬಳಿ ಸಕ್ಕರೆ ಕಾಯಿಲೆಯ ಗುಳಿಗೆಗೆ ನಿಂತಿದ್ದ ಪಕ್ಕದ ಮನೆಯ ಯಶೋಧಾ ಕಿವಿ ಇತ್ತಲೇ ಕೊಟ್ಟಿದ್ದಳು. ಆಕೆಯ ಕಿವಿಗೆ ಬಿದ್ದದ್ದು ಅವನು ಅಂಗಡಿ ಮುಚ್ಚುವ ಮೊದಲೇ ಅವ್ವನನ್ನು ಮುಟ್ಟುತ್ತದೆ.

"ಹೂಂ, ನೀರ ಇತ್ತು," ಎಂದ ಸಿದ್ಧಾರೂಢ. ಮತ್ತೆ ಅವಸರದಿಂದ, "ಆದ್ರ ನಿಮ್ಮವ್ವಂದು ಬ್ಯಾರೆ. ನೀ ಕರಕೊಂಡ ಹೋಗು," ಎಂದು ಸೇರಿಸಿದ.

"ಅವರಿಗೂ ಮೊದಲ ಹಂಗ ಅಂದಿದ್ರಂತಲ್ರಿ," ಎಂದು ಕಾಂತೇಶ ಕೈಚಾಚಿದ. ಸಿದ್ಧಾರೂಢ ಗುಳಿಗೆ ಕೊಟ್ಟ. ಕೊಡಬಾರದಿತ್ತು, ಕೊಟ್ಟ.

ಆ ಮಧ್ಯಾಹ್ನ ಅವನು ರೊಟ್ಟಿ ಮುರಿದು ಮುಂದಿಟ್ಟುಕೊಂಡು ಕೂತಿದ್ದ. ಸಾವಂತ್ರೆವ್ವನನ್ನು ತಾನೇ ಕೈಯಾರೆ ಕೊಲ್ಲುತ್ತಿದ್ದೇನೆ ಎಂಬ ಯೋಚನೆ ಬಂದಾಗ ತಟ್ಟೆ ಸರಿಸಿದ. ಮಧು ತಟ್ಟೆಯನ್ನೂ ಅವನ ಮುಖವನ್ನೂ ನೋಡಿ ಏನಾಯಿತೆಂದು ಕೇಳಿದಳು. ಹೇಳಿದ.

"ನಿಮ್ಮವ್ವಗ ಖರೇ ಹೇಳ್ರಿ," ಎಂದಳು ಆಕೆ.

"ಹೇಳಿದ್ರ ಅಪ್ಪನಂಗ ಗ್ವಾಡಿ ಕಡೆ ಮಾರಿ ಮಾಡಿದ್ರ?"

"ನಿಮ್ಮಪ್ಪ ಹೋಗಿದ್ದು ರೋಗದಿಂದ್ರಿ, ಅದರ ಹೆಸರಿನಿಂದ ಅಲ್ಲ. ಅವರ ಗಂಟಲಾಗ ನೀರ ಸೈತ ಇಳೀತಿದ್ದಿಲ್ಲ. ಗಂಜಿ ಹಾಕಾಕಿ ನಾನಿದ್ದೆ, ನನಗ ಗೊತ್ತೈತಿ."

ಸಿದ್ಧಾರೂಢನಿಗೆ ಸಿಟ್ಟು ಬಂತು. ತಪ್ಪು ಮಾಡಿದವರಿಗೆ ಸರಿಯಾದ ಮಾತು ಕೇಳಿದಾಗ ಬರುವ ಸಿಟ್ಟು. ಅವ್ವನಿಗೆ ಹೇಳದೆಯೇ ಇದನ್ನು ಬಗೆಹರಿಸುತ್ತೇನೆಂದು ಅವನು ಭಾನುವಾರ ಬೈಕು ಹತ್ತಿ ಮನೋಳಿಗೆ ಹೋದ.

ಸಾವಂತ್ರೆವ್ವ ಬುದ್ಧನ ಫೋಟೋ ಹಾಕಿದ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು. ಎದುರಿಗೆ ಹಾಸಿದ್ದ ಕೌದಿಯ ಅಂಚಿಗೆ ಕೈ ಮುಟ್ಟಬೇಕಾದರೆ ಹೊಟ್ಟೆ ಅಡ್ಡ ಬರುತ್ತಿತ್ತು.

"ಚಿಗವ್ವಾ, ಬೆಳಗಾವಿಗಿ ಹೋಗು. ಡಾಕ್ಟರ್ ಹೇಳಿದ್ದ ಕೇಳು."

"ನಿಮ್ಮವ್ವ ಬ್ಯಾಡ ಅಂದಾಳ. ಕೈ ಹಿಡದ ಆಣಿ ಹಾಕಿಸಿಕೊಂಡಾಳ."

"ಅವ್ವಗ ಏನ ಗೊತ್ತಾಗ್ತೈತಿ?"

"ಆಕಿಗಿ ಗೊತ್ತಾಗದಿದ್ರ ನಿನಗ ಗೊತ್ತೈತಲ್ಲ. ನೀರು ಅಂತ ಆಕಿಗಿ ಹೇಳಿದಾಂವ ನೀನ." ಸಾವಂತ್ರೆವ್ವ ಸೂಜಿ ನಿಲ್ಲಿಸಿ ಅವನನ್ನು ನೋಡಿದಳು. "ಯಾಕಪಾ, ಆಕಿಗಿ ಸುಳ್ಳ ಹೇಳೀದೇನ?"

ಕೇಳಿದ್ದು ನೇರವಾಗಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೌದು ಎಂದುಬಿಟ್ಟರೆ ಈಕೆ ಇಂದೇ ಸವದತ್ತಿಗೆ ಫೋನ್ ಮಾಡಿ "ತಂಗಕ್ಕ, ನಿನಗ ಕ್ಯಾನ್ಸರ್ ಇತ್ತಂತ" ಎನ್ನುತ್ತಾಳೆ ಎಂಬುದೊಂದೇ ಅವನ ತಲೆಯಲ್ಲಿತ್ತು.

"ಇಲ್ಲ," ಎಂದ.

"ಮತ್ತ ಸುಮ್ನಿರು. ಗುಳಿಗಿ ನುಂಗಾಕ ಹತ್ತೇನಿ, ಇಳೀತೈತಿ."

ತಿರುಗಿ ಬರುವಾಗ ಮಲಪ್ರಭೆಯ ದಂಡೆಯಲ್ಲಿ ಬೈಕು ನಿಲ್ಲಿಸಿ, ಹಿಂದಕ್ಕೆ ಹೋಗಬೇಕೆಂದು ಅವನು ಎರಡು ಸಲ ತಿರುಗಿಸಿದ. ಎರಡು ಸಲವೂ ಮತ್ತೆ ಸವದತ್ತಿಯ ಕಡೆಗೇ ತಿರುಗಿಸಿದ. ನಾಳೆ ಹೇಳಿದರಾಯಿತು ಎಂದುಕೊಂಡ. ಅಂಥ ನಾಳೆಗಳು ಬಹಳ ಬಂದವು. ಅವ್ವ ಫೋನಿನಲ್ಲಿ ಸಾವಂತ್ರೆವ್ವನಿಗೆ ದವಾಖಾನಿ ಬ್ಯಾಡ ಎನ್ನುವುದನ್ನು ಅವನು ರೊಟ್ಟಿ ತಿನ್ನುತ್ತಲೇ ಕೇಳಿಸಿಕೊಂಡ. ಕಾಂತೇಶ ಬಂದಾಗಲೆಲ್ಲ "ಅವ್ವ ಹೆಂಗದಾಳ?" ಎಂದು ಕೇಳುತ್ತಿದ್ದ, "ಹಂಗ ಅದಾಳ್ರಿ" ಎಂಬ ಉತ್ತರ ಕೇಳಿ, ಹಂಗೇ ಇದ್ದಾಳೆಂದರೆ ಹೆಚ್ಚಾಗಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅದು ಸುಳ್ಳೆಂದು ಔಷಧ ಮಾರುವ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು?

ಒಂದು ಮುಂಜಾನೆ ಕಾಂತೇಶ ಪಾರ್ಸೆಲ್ಲಿನ ಜೊತೆ ತಂಗೆವ್ವ ಹೊಲಿಯಲು ಕೊಟ್ಟು ಅರ್ಧಕ್ಕೇ ನಿಂತ ಕೌದಿಯನ್ನೂ ತಂದು ಮನೆಗೆ ಕೊಟ್ಟ. "ಅವ್ವಗ ಕುಂದ್ರಾಕ ಆಗವಲ್ದು. ಮಲಗಿದ್ರ ಉಸಿರ ಕಟ್ಟತೈತಿ. ಬ್ಯಾರೇದವರ ಕಡೆ ಹೊಲಸಕೋ ಅಂತ ಹೇಳ್ಯಾಳ," ಎಂದ.

ತಂಗೆವ್ವ ಕೌದಿಯನ್ನು ತೊಡೆಯ ಮೇಲೆ ಬಿಡಿಸಿ, ಹೊಲಿಯದೆ ಉಳಿದ ಭಾಗವನ್ನು ಗೇಣಿನಿಂದ ಅಳೆದಳು. ಆಮೇಲೆ ಎದ್ದು, "ತಡಿಯೋ ಕಾಂತೇಶ, ನೆಗ್ಗಿಲಮುಳ್ಳಿನ ಕಷಾಯ ಕುದಿಸಿ ಕೊಡತೇನಿ. ಎಂಥಾ ನೀರಿದ್ರೂ ಇಳೀತೈತಿ. ದವಾಖಾನಿ ಮಾತ್ರ ಬ್ಯಾಡಂತ ಹೇಳು," ಎಂದು ಒಲೆಯ ಕಡೆ ಹೊರಟಳು.

"ಯವ್ವಾ, ಕಷಾಯ ಬ್ಯಾಡ," ಎಂದ ಸಿದ್ಧಾರೂಢ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ನಿನ್ನ ಹೊಟ್ಟ್ಯಾಗ ಇದ್ದದ್ದು ನೀರಲ್ಲ. ಕ್ಯಾನ್ಸರ್ ಇತ್ತು."

ಮಧು ಅಡುಗೆಮನೆಯ ಬಾಗಿಲಿಗೆ ಬಂದು ನಿಂತಳು. ಕಾಂತೇಶ ಕೈಯಲ್ಲಿದ್ದ ಚಹಾದ ಕಪ್ಪನ್ನು ಕೆಳಗಿಟ್ಟ. ತಂಗೆವ್ವನ ಕೈ ತಾನಾಗಿ ಸೆರಗಿನೊಳಗೆ ಹೋಗಿ ಹೊಲಿಗೆಯ ಮೇಲೆ ನಿಂತಿತು.

"ನಿಮ್ಮಪ್ಪಗ ಆಗಿತ್ತಲ್ಲ, ಅದ?"

"ಅದ ಜಾತಿದು. ಜಾಗಾ ಬ್ಯಾರೆ. ಬಾಳ ಮಂದಿಗಿ ಬರೂದಲ್ಲ. ಅದನ್ನ ತಗ್ಯಾಕ ಅಷ್ಟ ಕೊಯ್ದಿದ್ರು. ಕೊಯ್ದದ್ದಕ್ಕ ನೀ ಉಳದಿ."

"ಈಗ ಐತೇನ?"

"ಇಲ್ಲ. ಹೋದ ಸಲದ ಸ್ಕ್ಯಾನಿನ್ಯಾಗ ಏನೂ ಇಲ್ಲ. ಮುಂದ ಬರೂದಿಲ್ಲಂತ ಹೇಳಾಕ ಆಗೂದಿಲ್ಲ."

ಸಿದ್ಧಾರೂಢ ಆಕೆಯ ಮುಖವನ್ನೇ ನೋಡುತ್ತಿದ್ದ. ಎರಡು ವರ್ಷ ಅವನು ಹೆದರಿಕೊಂಡಿದ್ದ ಗಳಿಗೆ ಇದೇ. ಆಕೆ ಗೋಡೆಯ ಕಡೆ ತಿರುಗಲಿಲ್ಲ. ಕಾಂತೇಶನ ಕಡೆ ತಿರುಗಿದಳು, ಕೌದಿಯ ಕಡೆ ನೋಡಿದಳು, ಮತ್ತೆ ಮಗನನ್ನು ನೋಡಿದಳು. ಲೆಕ್ಕ ಆಕೆಗೆ ಆಗ ಸರಿಯಾಗಿ ಹೊಂದಿತು.

"ಮತ್ತ ಸಾವಂತ್ರಿನ ನಾ ತಡದ್ನೆಲ್ಲೋ," ಎಂದಳು. "ಕೊಯ್ಸಕೋಬ್ಯಾಡಂತ ಆಕಿ ಕೈ ಹಿಡದ ಆಣಿ ಹಾಕಿಸಿಕೊಂಡೇನಿ. ನನ್ನ ಉಳಿಸಾಕ ನೀ ಸುಳ್ಳ ಹೇಳಿದಿ, ಆತು. ಆಕಿ ಹೊಟ್ಟಿ ಉಬ್ಬಿದ್ದು ನಿನಗ ಗೊತ್ತಿತ್ತಿಲ್ಲೋ? ಇಲ್ಲೇ ಕುಂತು ರೊಟ್ಟಿ ತಿನಕೋತ, ನಾ ಆಕಿಗಿ ಫೋನಿನ್ಯಾಗ ಬ್ಯಾಡ ಅನ್ನೂದನ್ನ ಕೇಳಿದೆಲ್ಲೋ ನೀ!"

ಅವನ ಉತ್ತರಕ್ಕೆ ಆಕೆ ಕಾಯಲಿಲ್ಲ. ಚಪ್ಪಲಿ ಮೆಟ್ಟಿ ಆಗಲೇ ಅಂಗಳಕ್ಕೆ ಇಳಿದಿದ್ದಳು. "ಗಾಡಿ ತಿರಗಸೋ ಕಾಂತೇಶ. ಮನೋಳಿಗಿ ನಡಿ."

ಏಸ್ ಗಾಡಿಯ ಮುಂದೆ ತಂಗೆವ್ವ ಕೂತಳು. ಹಿಂದೆ ಪೆಟ್ಟಿಗೆಗಳ ನಡುವೆ ಸಿದ್ಧಾರೂಢ ಕೂತ.

ಸಾವಂತ್ರೆವ್ವ ನಂಬಲಿಲ್ಲ. ಅದನ್ನು ಅವರು ಎಣಿಸಿರಲಿಲ್ಲ. ದಿಂಬುಗಳಿಗೆ ಒರಗಿ ಏದುಸಿರು ಬಿಡುತ್ತ ಎಲ್ಲವನ್ನೂ ಕೇಳಿ, ಆಕೆ ನಕ್ಕುಬಿಟ್ಟಳು. "ತಂಗಕ್ಕ, ನನ್ನ ದವಾಖಾನಿಗಿ ಒಯ್ಯಾಕ ಇವ್ರೆಲ್ಲ ಕೂಡಿ ನಿನ್ನ ಕಡೆ ಸುಳ್ಳ ಹೇಳಸಾಕ ಹತ್ಯಾರ. ಕ್ಯಾನ್ಸರ್ ಆದವ್ರು ಹಿಂಗ ದುಂಡಗ ಇರತಾರೇನ? ಇವನ ಇಲ್ಲೇ ಕುಂತು ನೀರು ಅಂತ ಹೇಳಿ ಹೋಗ್ಯಾನ."

ತಂಗೆವ್ವ ನಿಧಾನವಾಗಿ ಮಗನ ಕಡೆ ತಿರುಗಿದಳು. ಮನೋಳಿಗೆ ಬಂದು ಮತ್ತೊಮ್ಮೆ ಸುಳ್ಳು ಹೇಳಿದ್ದನ್ನು ಅವನು ಆಕೆಗೆ ಹೇಳಿರಲಿಲ್ಲ. ಆಕೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಎಂದು ಅವನಿಗೆ ಅನಿಸಿತು.

"ಅವನ ಮಾತ ಬಿಡು," ಎಂದು ತಂಗೆವ್ವ ಸಾವಂತ್ರೆವ್ವನ ಪಕ್ಕದಲ್ಲಿ ನೆಲಕ್ಕೆ ಕೂತಳು. "ಆವಾಗ ನನಗ ಗೊತ್ತಿರಲಿಲ್ಲ, ಈಗ ಗೊತ್ತೈತಿ. ನಾ ನಿನ್ನ ಕೂಡ ಬರತೇನಿ. ನಿನ್ನ ಮಂಚದ ಬಾಜೂಕ ಮಲಗತೇನಿ. ಬರೂದಿಲ್ಲ ಅಂದ್ರ ಇಲ್ಲೇ ನಿನ್ನ ಹೊಸ್ತಿಲದಾಗ ಕುಂದರತೇನಿ, ನೀ ಏಳೂ ತನಕ ಒಂದ ತುತ್ತ ಮುಟ್ಟೂದಿಲ್ಲ."

ಮಧ್ಯಾಹ್ನದ ಊಟದ ಹೊತ್ತಿಗೆ ಅವರು ಬೆಳಗಾವಿಯ ದಾರಿಯಲ್ಲಿದ್ದರು.

ಆಸ್ಪತ್ರೆಯಲ್ಲಿ ಮೊದಲು ಹೊಟ್ಟೆಯ ನೀರು ತೆಗೆದರು. ಸಾವಂತ್ರೆವ್ವನಿಗೆ ಉಸಿರು ಹಗುರಾಯಿತು, ಅರ್ಧ ಇಡ್ಲಿ ತಿಂದಳು. ತಂಗೆವ್ವನಿಗೆ ಜೀವ ಬಂದಂತಾಯಿತು. ಆದರೆ ಹೊಸ ಸ್ಕ್ಯಾನ್ ನೋಡಿದ ಡಾಕ್ಟರು ಕಾಂತೇಶನನ್ನೂ ಸಿದ್ಧಾರೂಢನನ್ನೂ ಹೊರಗೆ ಕರೆದು ಹೇಳಿದ್ದು ಬೇರೆ. ಗೆಡ್ಡೆ ಆಗ ಒಂದು ಕಡೆ ಇತ್ತು, ಈಗ ಯಕೃತ್ತಿನ ಮೇಲೂ ಕರುಳಿನ ಮೇಲೂ ಚದುರಿದೆ. ಈಗ ಕೊಯ್ದರೆ ಪೂರ್ತಿ ತೆಗೆಯಲು ಆಗದು. ಕೆಲವು ಸುತ್ತು ಕೀಮೋ ಕೊಟ್ಟು, ಕುಗ್ಗಿದರೆ ಆಪರೇಷನ್. ಕುಗ್ಗುತ್ತದೆಯೇ ಎಂಬುದನ್ನು ಕಾದು ನೋಡಬೇಕು.

ಡಾಕ್ಟರು ಹೋದ ಮೇಲೆ ಕಾಂತೇಶ ಗೋಡೆ ಹಿಡಿದು ನಿಂತ. ಆಮೇಲೆ ಸಿದ್ಧಾರೂಢನ ಎರಡೂ ಕೈ ಹಿಡಿದುಕೊಂಡ. ಅವನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಅದನ್ನೇ ಸಿದ್ಧಾರೂಢನಿಗೆ ಸಹಿಸಲಾಗಲಿಲ್ಲ.

"ಅಣ್ಣಾರ, ಅವ್ವಗ ಇದನ್ನ ಹೇಳೂದ ಬ್ಯಾಡ್ರಿ. ನೀರ ತಗದಾರ, ಇನ್ನೊಂದೀಟ ಐತಿ, ಅದಕ್ಕ ಸಲೈನ್ ಹಚ್ಚತಾರ ಅಂತ ಹೇಳ್ರಿ. ನೀವು ಹೇಳಿದ್ರ ಆಕಿ ನಂಬತಾಳ. ನನ್ನ ಕೈಲಿ ಆಗೂದಿಲ್ಲ."

ಸಿದ್ಧಾರೂಢನಿಗೆ ಅವನ ಮುಖದಲ್ಲಿ ಎರಡು ವರ್ಷದ ಹಿಂದಿನ ತನ್ನ ಮುಖವೇ ಕಂಡಿತು. ಇವನ ಮೇಲೆ ಸಿಟ್ಟಾಗುವ ಹಕ್ಕು ತನಗಿಲ್ಲ, ಇವನ ಮಾತು ನಡೆಸುವ ಹಕ್ಕೂ ಇಲ್ಲ ಎಂದುಕೊಂಡು ಅವನು ಕೈ ಬಿಡಿಸಿಕೊಂಡು ಒಳಗೆ ಹೋದ. ಕಾಂತೇಶ ಹಿಂದೆಯೇ ಬಂದು ಬಾಗಿಲಲ್ಲಿ ನಿಂತ.

ಸಾವಂತ್ರೆವ್ವ ಎಚ್ಚರವಾಗಿದ್ದಳು. ತಂಗೆವ್ವ ಪಕ್ಕದ ಸ್ಟೂಲಿನ ಮೇಲೆ ಕೂತು ಆಕೆಯ ಕಾಲು ಒತ್ತುತ್ತಿದ್ದಳು.

"ಏನಂದ್ರೋ ಸಿದ್ದೂ?"

"ಕ್ಯಾನ್ಸರ್ ಐತಿ ಚಿಗವ್ವಾ. ಹೊಟ್ಟ್ಯಾಗ ಹರಡೈತಿ. ಈಗ ಕೊಯ್ಯಾಕ ಬರೂದಿಲ್ಲ ಅಂತ. ಮೊದಲ ಔಷಧಾ ಹನಿಸ್ತಾರ, ಸಣ್ಣದಾದ ಮ್ಯಾಲೆ ಕೊಯ್ತಾರ."

"ಸಣ್ಣದ ಆಗಲಿಲ್ಲಂದ್ರ?"

"ಅದ ಅವರಿಗೂ ಗೊತ್ತಿಲ್ಲ."

ತಂಗೆವ್ವನ ಕೈ ನಿಂತಿತು. ಸಾವಂತ್ರೆವ್ವ ಹೊದಿಕೆಯ ಅಂಚಿನ ಹೊಲಿಗೆಯ ಮೇಲೆ ಬೆರಳು ಓಡಿಸಿದಳು. ಆಮೇಲೆ ಕೇಳಿದಳು, "ಮೊದಲ ಅವ್ರು ಕರದಾಗ ಬಂದಿದ್ರ?"

ಬಾಗಿಲಲ್ಲಿ ಕಾಂತೇಶ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದ. ಯಾರಿಗೆ ಗೊತ್ತು ಎಂದು ಹೇಳಿಬಿಡುವುದು ಸುಲಭವಿತ್ತು. ಡಾಕ್ಟರನ್ನು ಕೇಳಿದ್ದರೆ ಅವರೂ ಹಾಗೇ ಹೇಳುತ್ತಿದ್ದರೋ ಏನೋ.

"ಆವಾಗ ಕೊಯ್ದ ತಗೀತಿದ್ರು," ಎಂದ ಸಿದ್ಧಾರೂಢ. "ಮನ್ಯಾಗ ನೀ ಕೇಳಿದಾಗ ನಾ ಖರೇ ಹೇಳಿದ್ರ, ಆವಾಗೂ ತಗೀಬಹುದಿತ್ತು."

ಸಾವಂತ್ರೆವ್ವ ಅಳಲಿಲ್ಲ. ತಂಗೆವ್ವ ಅತ್ತಳು. "ನೀ ಹೋಗಿ ಚಾ ಕುಡದ ಬಾ ತಂಗಕ್ಕ, ಮುಂಜಾನಿಂದ ಏನೂ ತಿಂದಿಲ್ಲ," ಎಂದು ಸಾವಂತ್ರೆವ್ವ ಆಕೆಯನ್ನು ಎಬ್ಬಿಸಿ ಕಳಿಸಿದಳು. ಕಾಂತೇಶ ಆಕೆಯ ಹಿಂದೆ ಹೋದ. ಸಿದ್ಧಾರೂಢನೂ ಹೊರಡಲು ತಿರುಗಿದ.

"ನೀ ಎಲ್ಲಿ ಹೊಂಟಿ?" ಎಂದಳು ಸಾವಂತ್ರೆವ್ವ. "ನನ್ನ ಮಗಗ ನನ್ನ ಮಾರಿ ನೋಡಾಕ ಆಗವಲ್ದು. ನೀ ನೋಡು. ಇಲ್ಲೇ ಕುಂದ್ರು, ನಾ ಹೋಗಂದ ಮ್ಯಾಲೆ ಹೋಗುವಂತಿ."

ಅವನು ಸ್ಟೂಲು ಎಳೆದುಕೊಂಡು ಕೂತು, ತಲೆ ಎತ್ತಿ ಆಕೆಯ ಮುಖ ನೋಡಿದ. ಆಕೆ ಹೋಗು ಎನ್ನಲಿಲ್ಲ.